ಕೆಂಪು ದೀಪದ ಬೀರು, ಲಕ್ಕಿ ಸೊಪ್ಪಿನ ಹಬೆ

ನನ್ನ ಬಲಗೈ ಹೆಗಲಿನಿಂದ ಮೇಲಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದ ವರ್ಷ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಎಂದೂ ಇಲ್ಲದಷ್ಟು ಚೆನ್ನಾಗಿ ಆಗುತ್ತಿತ್ತು. ಅದೇ ನನಗೆ ಹೊಟ್ಟೆಯುರಿ. ಹುಳು ಕೆಟ್ಟಿದ್ದರೆ, ಗೂಡಿನ ರೇಟು ಬಿದ್ದಿದ್ದರೆ, ಆ ನೆಪದಲ್ಲಿ ಕೈಯೂ ನಾಲ್ಕು ದಿನ ಸುಧಾರಿಸಿಕೊಳ್ಳಲಿ ಎಂದು ಸುಮ್ಮನಿರಬಹುದಿತ್ತು. ತೋಟದಲ್ಲಿ ಸೊಪ್ಪು ಕಣ್ಣು ಕುಕ್ಕುವ ಹಾಗೆ ನಿಂತಿರುವಾಗ, ಕೈ ನೋವು ಎಂದು ಜಗಲಿಯ ಮೇಲೆ ಕೂರುವ ಜಾಯಮಾನ ನನ್ನದಲ್ಲ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು ಒಳಕ್ಕೆ ನಡೆದರೆ ನಮ್ಮೂರು. ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಗಂಡನಿಗೆ ಹನೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿಯಿತ್ತು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅವರ ತಮ್ಮ, ಅಂದರೆ ನನ್ನ ಮೈದುನ, ಕೊಳ್ಳೇಗಾಲದಲ್ಲಿ ಸರ್ಕಾರಿ ಕೆಲಸದಲ್ಲಿದ್ದ. ಜಮೀನು ಭಾಗವಾಗಿರಲಿಲ್ಲವಾದ್ದರಿಂದ ಭಾನುವಾರ ಬಂದು ಒಂದು ಸುತ್ತು ಹಾಕಿ, ಏನಾದರೊಂದು ಬುದ್ಧಿ ಹೇಳಿ ಹೋಗುತ್ತಿದ್ದ. ಮನೆಯಲ್ಲಿ ದಿನವಿಡೀ ಇರುತ್ತಿದ್ದವರು ನಾನು ಮತ್ತು ನನ್ನ ಅತ್ತೆ. ಅತ್ತೆ ಯಳಂದೂರು ಕಡೆಯ ಹೊನ್ನೂರಿನವರು. ಗದ್ದೆ, ತೆಂಗು, ಕಬ್ಬು ನೋಡಿ ಬೆಳೆದವರು ಈ ಒಣ ಸೀಮೆಗೆ ಬಂದು ಹುಳು ಮೇಯಿಸುವುದನ್ನು ಕಲಿತು, ಆಮೇಲೆ ನನಗೂ ಕಲಿಸಿದರು. ಆದರೆ ಹಿಪ್ಪುನೇರಳೆ ತೋಟ ಮಾಡಿದ್ದು ನಾನು. ನಾನು ಈ ಮನೆಗೆ ಬಂದಾಗ ಅಲ್ಲಿ ರಾಗಿ ಹಾಕಿ, ಹುಳುವಿಗೆ ಸೊಪ್ಪನ್ನು ಕೊಂಡು ತರುತ್ತಿದ್ದರು. ಒಂದೊಂದು ಕಡ್ಡಿಯನ್ನೂ ನನ್ನ ಕೈಯಾರೆ ಊರಿದ್ದೇನೆ. ಆ ತೋಟದ ಮೇಲೆ ನನಗಿದ್ದ ಅಭಿಮಾನ ಹಾಸ್ಟೆಲಿನಲ್ಲಿ ಓದುತ್ತಿದ್ದ ನನ್ನ ಮಕ್ಕಳ ಮೇಲೂ ಇತ್ತೋ ಇಲ್ಲವೋ.

ಹುಳು ಮೇಯಿಸುವ ಮನೆಯಲ್ಲಿ ಬಿದಿರಿನ ಸ್ಟ್ಯಾಂಡು ಸೂರಿನ ತನಕ ಇರುತ್ತದೆ. ಅಂತಸ್ತು ಅಂತಸ್ತಾಗಿ ದುಂಡನೆಯ ತಟ್ಟೆಗಳು. ಪ್ರತಿ ಸಲ ಸೊಪ್ಪು ಹಾಕುವಾಗಲೂ ತಟ್ಟೆ ಎಳೆದು, ಇಳಿಸಿ, ಹಾಕಿ, ಮತ್ತೆ ಎತ್ತಿ ಸೇರಿಸಬೇಕು. ಮೇಲಿನ ತಟ್ಟೆ ತಲೆಗಿಂತ ಎತ್ತರ. ದೊಡ್ಡ ಹುಳುವಾದ ಮೇಲೆ ಅದರ ಭಾರ ಕೇಳಬೇಡಿ. ಆ ಶ್ರಾವಣದಲ್ಲಿ ನನ್ನ ಬಲಗೈ ಮೊದಲು ರವಿಕೆ ತೊಡಲು ತಕರಾರು ಮಾಡಿತು, ಆಮೇಲೆ ತುರುಬು ಕಟ್ಟಲು. ಅತ್ತೆ ತಲೆ ಬಾಚಿ ಕೊಡುತ್ತಿದ್ದರು. ಹೇಗೋ ಸಾಗುತ್ತಿತ್ತು. ಒಂದು ಭಾನುವಾರ ಮೇಲಿನ ತಟ್ಟೆ ಎಳೆದೆ, ಎಡಗೈ ಹಿಡಿಯಿತು, ಬಲಗೈ ಕೈಕೊಟ್ಟಿತು. ತಟ್ಟೆ ವಾಲಿ ಹುಳುವೆಲ್ಲ ನೆಲಕ್ಕೆ ಸುರಿದವು. ಅತ್ತೆ ಓಡಿ ಬಂದು, ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಆಯ್ದೆವು.

ಬಾಗಿಲಲ್ಲಿ ಮೈದುನ ನಿಂತು ನೋಡುತ್ತಿದ್ದ. ಕೆಟ್ಟವನಲ್ಲ, ಆದರೆ ಬೇರೆಯವರ ಕಷ್ಟಕ್ಕೆ ಪರಿಹಾರ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

"ಸುಮ್ನೆ ಯಾಕ್ ಒದ್ದಾಡೀರಿ ಅತ್ಗೆ? ಸಂಕ್ರಾಂತಿ ಕಳ್ದ್ ಮೇಲೆ ಟ್ರ್ಯಾಕ್ಟ್ರು ಬುಟ್ಟು ಕಡ್ಡಿ ಎಲ್ಲಾ ಕೀಳ್ಸಿ ಕಬ್ಬು ಆಕ್ಬುಡಮ. ಕಬ್ಬಾದ್ರೆ ಎತ್ತಂಗಿಲ್ಲ, ಇಳಿಸಂಗಿಲ್ಲ."

ನನ್ನ ಗಂಡ ಅಲ್ಲೇ ಇದ್ದರು. ಮೋಟಾರಿನ ಹತ್ತಿರ ಆದರೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ, ಮನುಷ್ಯರ ಹತ್ತಿರ ತುಟಿ ಬಿಚ್ಚುವುದು ಕಷ್ಟ. ಅವರ ಮೌನ ನೋಡಿ ನನಗೆ ಪಿತ್ತ ನೆತ್ತಿಗೇರಿತು.

"ಸಂಕ್ರಾಂತಿಗೇ ಬಾರಪ್ಪ," ಎಂದೆ. "ಮೇಲಿನ ತಟ್ಟೆ ನಾನೇ ಇಳಿಸಿ, ಸೊಪ್ಪಾಕಿ, ನಾನೇ ಎತ್ತಿ ಸೇರಿಸಿದ್ರೆ ತೋಟ ಇರ್ಲಿ. ಆಗ್ನಿಲ್ಲ ಅಂದ್ರೆ ಟ್ರ್ಯಾಕ್ಟ್ರು ಬುಡು. ನಾನೇ ಮುಂದೆ ನಿಂತು ಕೀಳಿಸ್ತೀನಿ."

ಹೇಳುವುದು ಹೇಳಿಬಿಟ್ಟೆ. ಆಮೇಲೆ ಕೂತು ಸಂಕ್ರಾಂತಿಗೆ ಎಷ್ಟು ತಿಂಗಳು ಎಂದು ಬೆರಳು ಮಡಿಸಿ ಎಣಿಸಿದೆ.

ಮರುದಿನವೇ ಕೊಳ್ಳೇಗಾಲಕ್ಕೆ ಹೋದೆವು. ಡಾಕ್ಟರು ಕೈ ಹಿಡಿದು ಅತ್ತ ಇತ್ತ ತಿರುಗಿಸಿ, ಹೆಗಲಿನ ಕೀಲು ಬಿಗಿದುಕೊಂಡಿದೆ, ಮುರಿದಿಲ್ಲ, ಭಯ ಬೇಡ ಎಂದರು. ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗಿ ಕೆಂಪು ದೀಪದ ಮುಂದೆ ನನ್ನನ್ನು ಕೂರಿಸಿದಳು. ಅದು ಇನ್‌ಫ್ರಾರೆಡ್ ಶಾಖ ಎಂದಳು. ಗೋಡೆಗೆ ಕೈ ಊರಿ ಬೆರಳುಗಳನ್ನು ಮೇಲಮೇಲಕ್ಕೆ ಹತ್ತಿಸುವುದು, ರಾಟೆಯ ಹಗ್ಗ ಎಳೆಯುವುದು ಎಲ್ಲ ತೋರಿಸಿ, ಶಾಖ ಇರುವಾಗಲೇ ಕೈ ಆಡಿಸಬೇಕು ಅಂತ ಒತ್ತಿ ಹೇಳಿದಳು. ದಿನಾ ಬನ್ನಿ ಎಂದಳು. ದಿನಾ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದರೆ ಹುಳುವಿಗೆ ಸೊಪ್ಪು ಹಾಕುವವರು ಯಾರು? ಹಾಗಾದರೆ ಮನೆಯಲ್ಲೇ ಶಾಖ ತಗೊಳ್ಳಿ ಎಂದರು ಡಾಕ್ಟರು. ಮನೆಗೆ ಬರುವಷ್ಟರಲ್ಲಿ ನಮ್ಮೆಲ್ಲರ ತಲೆಯಲ್ಲಿ ಉಳಿದಿದ್ದು ಅದೊಂದೇ ಮಾತು: ಶಾಖ.

ಯಾವ ಶಾಖ? ಇಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಜಗಳ.

ಅತ್ತೆ ಅದೇ ಸಂಜೆ ದನದ ಕೊಟ್ಟಿಗೆಯ ಖಾಲಿ ಮೂಲೆಯನ್ನು ಗುಡಿಸಿ ಸಾರಿಸಿದರು. ತೆಂಗಿನ ಗರಿಯ ತಡಿಕೆ ನಿಲ್ಲಿಸಿದರು. ಹುರಿ ಹೆಣೆದ ಹಳೆಯ ಮಂಚ ಹಾಕಿದರು. ಮೈಕೈ ನೋವಿಗೆ ಬಳಸುವ ಲಕ್ಕಿ ಸೊಪ್ಪು, ಹುಣಸೆ ಸೊಪ್ಪು ಹಾಕಿ ಕುದಿಸಿದ ಪಾತ್ರೆಯನ್ನು ಮಂಚದ ಕೆಳಗೆ ಸರಿಸಿ, ನನ್ನನ್ನು ಮೇಲೆ ಕೂರಿಸಿ, ಕತ್ತಿನ ತನಕ ಕಂಬಳಿ ಸುತ್ತಿ, ಆಮೇಲೆ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ಆ ಹಬೆ ಕಾಲಿನಿಂದ ಹತ್ತಿ ಬೆನ್ನಿಗೆ ಬಂದು ಹೆಗಲನ್ನು ತಬ್ಬಿಕೊಂಡಾಗ ಆಹಾ, ಏನು ಸುಖ! ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೈಯಿಂದ ಬೆವರು ಧಾರಾಕಾರ. ಆ ವಾಸನೆ ಹುಳುವಿಗೆ ಆಗದು, ಹಾಗಾಗಿ ಹಬೆ ತಗೊಂಡ ಮೇಲೆ ತಲೆಗೆ ನೀರು ಹಾಕಿಕೊಳ್ಳದೆ ಹುಳುವಿನ ಮನೆಗೆ ಕಾಲಿಡುವಂತಿರಲಿಲ್ಲ.

"ಊರಲ್ಲಿ ಎಷ್ಟ್ ಜನಕ್ಕೆ ಬಾಣ್ತನ ಮಾಡಿವ್ನಿ ನಾನು," ಎನ್ನುತ್ತಿದ್ದರು ಅತ್ತೆ ಕಂಬಳಿ ಬಿಗಿಸುತ್ತಾ. "ಒಣ ಬಿಸಿ ಚರ್ಮ ಸುಡ್ತದೆ ಕಣವ್ವ. ಹಬೆ ಮೂಳೆಗೇ ಇಳೀತದೆ."

ನನ್ನ ಗಂಡನ ದಾರಿ ಬೇರೆ. ಕೊಳ್ಳೇಗಾಲದ ಆ ಕೆಂಪು ದೀಪವನ್ನು ಅವರು ನೋಡಿದ ರೀತಿಯಲ್ಲೇ ನನಗೆ ಗೊತ್ತಾಗಿತ್ತು, ಇದು ಮನೆಗೆ ಬರುತ್ತದೆ ಅಂತ. ಮೈಸೂರಿನಿಂದ ಅಂಥವೇ ಮೂರು ಬಲ್ಬು ತರಿಸಿದರು. ಬಾಗಿಲು ಕಿತ್ತುಹೋಗಿದ್ದ ಹಳೆಯ ಮರದ ಬೀರುವಿನ ಹಲಗೆಗಳನ್ನೆಲ್ಲ ತೆಗೆದು, ಒಳಗೆ ತಗಡು ಹೊಡೆದು, ಬಲ್ಬು ಸಿಗಿಸಿ, ಸ್ಟೂಲು ಇಟ್ಟರು. ಸ್ವಿಚ್ಚು ಹಾಕಿದರೆ ಬೀರುವಿನ ಹೊಟ್ಟೆ ಕೆಂಪಗೆ ಹೊಳೆಯುತ್ತಿತ್ತು. ನೋಡಲು ಬಂದ ಪಕ್ಕದ ಮನೆಯವಳು, "ಇದೇನಕ್ಕಾ, ಕೋಳಿ ಮರಿ ಸಾಕೀರಾ?" ಎಂದು ಕೇಳಿ ನನ್ನ ಗಂಡನ ಮುಖ ಸಣ್ಣ ಮಾಡಿದಳು.

"ಹಬೆ ಚರ್ಮ ನೆನಸ್ತದೆ ಅಷ್ಟೇ ಅವ್ವ," ಎಂದರು ಅವರು. "ಈ ಶಾಖ ಸೀದಾ ಒಳಕ್ಕೇ ಓಯ್ತದೆ. ನೀರು ಕಾಯ್ಸಂಗಿಲ್ಲ, ಸೌದೆ ಒಡೆಯಂಗಿಲ್ಲ."

"ಕರೆಂಟು ಓದ್ರೆ?"

"ಬತ್ತದೆ."

"ಬಂದ್ ಮೇಲೆ ಮಾತಾಡು."

ದಸರಾ ಕಳೆಯುವ ತನಕ ಬೆಳಿಗ್ಗೆ ಬೀರು, ಸಂಜೆ ಹಬೆ. ಬೆಳಿಗ್ಗೆ ಗಂಡನ ಬೀರುವಿನಲ್ಲಿ ಬೆಂದು, ಸಂಜೆ ಅತ್ತೆಯ ಮಂಚದ ಮೇಲೆ ಬೇಯುತ್ತಿದ್ದೆ. ಅಮ್ಮ ಮಗ ಇಬ್ಬರೂ ದಿನಾ ನನ್ನ ಕೈಯನ್ನು ನೋಡಲು ಬರುತ್ತಿದ್ದರು. ಸ್ವಲ್ಪ ಹಗುರವಾಗಿದೆ ಎಂದರೆ ಇಬ್ಬರೂ ನಮ್ಮದರಿಂದಲೇ ಎನ್ನುತ್ತಿದ್ದರು. ಹಾಗೇ ಇದೆ ಎಂದರೆ ಇನ್ನೊಬ್ಬರದ್ದರಿಂದ. ನಿಜ ಹೇಳಬೇಕೆಂದರೆ ಹಾಗೇ ಇತ್ತು. ನೋವು ತಗ್ಗಿತ್ತು, ಕೈ ಮಾತ್ರ ಹೆಗಲಿನ ಮಟ್ಟದಲ್ಲಿ ನಿಂತುಬಿಡುತ್ತಿತ್ತು. ಮೇಲಿನ ತಟ್ಟೆಗಳನ್ನು ಅಂಗಡಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಗಂಡ ಇಳಿಸಿ ಕೊಡುತ್ತಿದ್ದರು. ನಡುವಿನ ಹೊತ್ತಿನ ಸೊಪ್ಪಿಗೆ ಕೂಲಿಯವಳು ಬಂದರೆ ಬಂದಳು, ಇಲ್ಲದಿದ್ದರೆ ಮೇಲಿನ ಹುಳು ಉಪವಾಸ. ಒಂದು ದಿನ ಆ ಹಸಿದ ಹುಳುಗಳು ತಟ್ಟೆಯ ಅಂಚಿಗೆ ಬಂದು ತಲೆಯೆತ್ತಿ ಹುಡುಕುವುದನ್ನು ಕೆಳಗೆ ನಿಂತು ನೋಡಿ ಅತ್ತುಬಿಟ್ಟೆ. ಸಂಕ್ರಾಂತಿ ಹತ್ತಿರ ಬರುತ್ತಿತ್ತು.

ದೀಪಾವಳಿ ಹೊತ್ತಿಗೆ ಹೊಸ ಬೆಳೆಯ ಮರಿ ಹುಳು ಬಂದವು. ಚಳಿ ಬೇಗ ಬಿದ್ದಿತ್ತು. ಮರಿ ಹುಳುವಿಗೆ ಚಳಿ ಆಗುವುದಿಲ್ಲ, ಕೋಣೆ ಬೆಚ್ಚಗಿಡಬೇಕು. ಆಗ ಅತ್ತೆಗೆ ಒಂದು ಉಪಾಯ ಹೊಳೆಯಿತು. ಹುಳು ಮೇಯಿಸುವ ಮನೆಯವರಿಗಲ್ಲದೆ ಇನ್ನಾರಿಗೂ ಹೊಳೆಯದ ಉಪಾಯ.

"ಒಂದ್ ತಟ್ಟೆ ಹುಳ ನಿನ್ ಬೀರುವಿನೊಳಗೆ ಇಡು," ಎಂದರು ಮಗನಿಗೆ. "ಇನ್ನೊಂದ್ ತಟ್ಟೆ ಹುಳುವಿನ ಮನೇಲಿ ಬಿಸಿ ನೀರಿನ ಹಬೆ ಮಗ್ಗುಲಲ್ಲಿ ಇಡ್ತೀನಿ. ಯಾವ್ದು ಚೆಂದಾಗಿ ಮೇಯ್ತದೋ ಆ ಶಾಖವೇ ಸರಿ. ನಾವ್ ಸುಳ್ಳಾಡೇವು, ಹುಳ ಸುಳ್ಳಾಡಕಿಲ್ಲ."

ನಗಬೇಡಿ. ನಮ್ಮ ಮನೆಯಲ್ಲಿ ಹುಳುವಿನ ಮಾತೇ ಕೊನೆಯ ಮಾತು. ಹುಳುವಿಗೆ ಆಗುವುದಿಲ್ಲವೆಂದು ಒಗ್ಗರಣೆಗೆ ಇಂಗು ಹಾಕುತ್ತಿರಲಿಲ್ಲ, ನೆಂಟರನ್ನು ಹೊರಗಿನಿಂದಲೇ ಮಾತಾಡಿಸಿ ಕಳಿಸುತ್ತಿದ್ದೆವು. ಹಾಗಾಗಿ ನನ್ನ ಗಂಡನೂ ಎದೆ ತಟ್ಟಿಕೊಂಡು ಒಪ್ಪಿದರು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತೀರ್ಪು ಬಂತು. ಬೀರುವಿನೊಳಗೆ ಸಣ್ಣಗೆ ಹೆಚ್ಚಿ ಹಾಕಿದ್ದ ಎಳೆ ಸೊಪ್ಪು ಹಪ್ಪಳದಂತೆ ಒಣಗಿ ಮುರಿಯುತ್ತಿತ್ತು. ಮರಿ ಹುಳು ಸೊಪ್ಪು ಬಿಟ್ಟು ಅಂಚಿಗೆ ಓಡಿದ್ದವು. ಹಬೆಯ ಮಗ್ಗುಲಿನವು ಸೊಪ್ಪನ್ನೆಲ್ಲ ಜಾಲರಿ ಮಾಡಿ ಗುಂಡಗೆ ಕೂತಿದ್ದವು. ನಾನು ಬೀರುವಿನ ತಟ್ಟೆಯನ್ನು ಎತ್ತಿಕೊಂಡು ಓಡಿದೆ. ಅತ್ತೆ, ತೀರ್ಪಿಗಾಗಿ ಅಂಗಡಿಗೂ ಹೋಗದೆ ಕೂತಿದ್ದ ಮಗನ ಮುಖವನ್ನೊಮ್ಮೆ ನೋಡಿ ಸೆರಗು ಸಿಗಿಸಿಕೊಂಡರು. ನನ್ನ ಗಂಡ ಅಂದೇ ಬೀರುವಿನ ವೈರು ಕಿತ್ತು ಸುತ್ತಿಟ್ಟರು. ಮರುದಿನದಿಂದ ನನಗೆ ಎರಡು ಹೊತ್ತೂ ಹಬೆ.

ಹುಳು ಬೆಳೆದವು, ನನ್ನ ಕೈ ಬೆಳೆಯಲಿಲ್ಲ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ತಟ್ಟೆ ಮುಟ್ಟುವಂತಿಲ್ಲ, ಗಟ್ಟಿಯಾಗಿ ಉಸಿರು ಬಿಡುವಂತಿಲ್ಲ. ಅಂಥ ಒಂದು ಸಂಜೆ ಹುಳುವೆಲ್ಲ ಜ್ವರಕ್ಕೆ ಕೂತಿದ್ದವು, ನಾನು ಮಂಚದ ಮೇಲೆ ಕಂಬಳಿಯೊಳಗೆ ಕೂತಿದ್ದೆ. ಹೆಗಲು ಸಡಿಲವಾದ ಹಾಗೆನಿಸಿ ಕೈ ಎತ್ತಲು ನೋಡಿದೆ. ಕಂಬಳಿ ಸರಿದು ಹಬೆಯೆಲ್ಲ ಭುಸ್ಸೆಂದು ಹೊರಗೆ ಹೋಯಿತು.

"ಅಳ್ಳಾಡಬ್ಯಾಡ ಕಣವ್ವ!" ಎಂದರು ಅತ್ತೆ. "ಸುಮ್ಕೆ ಕೂರು."

ನಾನೇನು ಜ್ವರಕ್ಕೆ ಕೂತ ಹುಳುವೇ ಎನಿಸಿ ನಗು ಬಂತು. ನಕ್ಕವಳು ಹಾಗೇ ನಿಲ್ಲಿಸಿದೆ. ಹೌದಲ್ಲ! ಹಬೆಯ ಬಿಸಿ ಮರಿ ಹುಳುವಿಗೆ ಯಾಕೆ ಬೇಕು? ಸೊಪ್ಪು ಒಣಗಬಾರದು ಅಂತ. ನನ್ನ ಹೆಗಲು ಸೊಪ್ಪು ತಿನ್ನುತ್ತದೆಯೇ? ಹುಳು ತಾನು ಹೇಳಬೇಕಾದ್ದನ್ನು ಸರಿಯಾಗಿಯೇ ಹೇಳಿತ್ತು, ತನ್ನ ವಿಷಯವಾಗಿ. ಅದನ್ನು ನನ್ನ ಮೈಗೆ ಹಚ್ಚಿದ್ದು ನಾವು. ಆಗ ಕೊಳ್ಳೇಗಾಲದ ಆ ಹುಡುಗಿ ಒತ್ತಿ ಹೇಳಿದ್ದ ಮಾತೂ ನೆನಪಿಗೆ ಬಂತು. ಕೈ ಆಡಿಸಬೇಕು ಎಂದಿದ್ದಳು. ಯಾವ ಶಾಖ, ಯಾವ ಶಾಖ ಎಂದು ಇಷ್ಟು ತಿಂಗಳು ಗುದ್ದಾಡಿದ ನಾವು ಮೂವರಲ್ಲಿ ಒಬ್ಬರೂ ಕೈ ಆಡಿಸುವ ಮಾತೇ ಎತ್ತಿರಲಿಲ್ಲ. ಕಂಬಳಿಯೊಳಗೆ ಆಡಿಸಲು ಆಗುವುದಿಲ್ಲ. ಹೊರಗೆ ಬಂದರೆ ಬೆವರು ಒರೆಸಿ, ನೀರು ಹಾಕಿಕೊಂಡು, ಮೈ ಒಣಗಿಸುವಷ್ಟರಲ್ಲಿ ಹೆಗಲು ಮತ್ತೆ ಮೊದಲಿನಂತೆ. ಅಷ್ಟರಲ್ಲಿ ನಿದ್ದೆಯೂ ಹತ್ತಿರುತ್ತಿತ್ತು. ಸುಖ ಬೇಕಾದವರಿಗೆ ಹಬೆಯಂಥದ್ದು ಇನ್ನೊಂದಿಲ್ಲ, ಇವತ್ತಿಗೂ ಅದೇ ಹೇಳುತ್ತೇನೆ. ನನಗೆ ಬೇಕಾಗಿದ್ದು ಕೈ.

ಗಂಡ ಅಂಗಡಿಯಿಂದ ಬಂದ ಕೂಡಲೇ ಹೇಳಿದೆ. "ಬೀರುವಿನ ತಲೆ ಕುಯ್ದಾಕಿ. ನಾನು ಒಳಗೆ ನಿಂತ್ಕಂಡು ಕೈ ಎತ್ತಬೇಕು. ಮೇಲುಕ್ಕೆ ಒಂದು ರಾಟೆ ಕಟ್ಟಿಕೊಡಿ."

ಅವರು ಯಾಕೆ ಏನು ಎಂದು ಕೇಳಲಿಲ್ಲ. ಗರಗಸ ತಂದರು. ಪಾಳು ಬಾವಿಯ ರಾಟೆ ಬಿಚ್ಚಿ ತಂದು ತೊಲೆಗೆ ಕಟ್ಟಿ, ಹಗ್ಗ ಇಳಿಬಿಟ್ಟರು. ಒಂದು ತುದಿ ಬಲಗೈಗೆ, ಇನ್ನೊಂದು ಎಡಗೈಗೆ. ಕೆಂಪು ದೀಪ ಹೆಗಲಿಗೆ ಬೀಳುತ್ತಿರುವಾಗಲೇ ಎಡಗೈ ಕೆಳಕ್ಕೆ ಎಳೆದರೆ ಬಲಗೈ ಬೇಡವೆಂದರೂ ಮೇಲಕ್ಕೆ ಹೋಗಬೇಕು.

ಹೋಯಿತೇನೋ ಹೋಯಿತು, ಪ್ರಾಣವೂ ಜೊತೆಗೆ ಹೋದ ಹಾಗಾಯಿತು. ಮೊದಲ ವಾರ ನಾನು ಕಿರುಚಿದ್ದು ಬೀದಿಯ ಕೊನೆಯ ಮನೆಗೂ ಕೇಳಿಸಿರಬೇಕು. ಹಲ್ಲು ಕಚ್ಚುತ್ತಿದ್ದೆ, ಅಳುತ್ತಿದ್ದೆ, ಮೈದುನನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾ ಹಗ್ಗ ಎಳೆಯುತ್ತಿದ್ದೆ. ಬೈಗುಳದಿಂದ ಕೈ ಸ್ವಲ್ಪ ಜಾಸ್ತಿಯೇ ಏಳುತ್ತಿತ್ತು. ಕರೆಂಟು ಇಲ್ಲದ ದಿನ ಕೆಂಡದ ಬಾಣಲೆಯನ್ನು ಹತ್ತಿರ ಇಟ್ಟುಕೊಂಡು ಎಳೆದೆ.

ಅತ್ತೆ ನನ್ನ ಹತ್ತಿರ ಮಾತು ಬಿಟ್ಟರು. ಹಬೆ ಬೇಡ ಎಂದ ದಿನ ಅವರು ಲಕ್ಕಿ ಸೊಪ್ಪಿನ ನೀರನ್ನು ತಿಪ್ಪೆಗೆ ಚೆಲ್ಲಿದ ಸದ್ದು ನನ್ನ ಎದೆಗೇ ಬಿದ್ದಂತಿತ್ತು. ಅವರ ಪ್ರೀತಿಯನ್ನೇ ಬೇಡ ಎಂದ ಹಾಗೆ ತಿಳಿದುಕೊಂಡರು, ಅದಕ್ಕೆ ನನಗೆ ತುಂಬಾ ಸಂಕಟವಾಯಿತು. ಹೇಳಬೇಕಾದ್ದನ್ನೆಲ್ಲ ಹಸುವಿಗೆ ಹೇಳುತ್ತಿದ್ದರು. "ಏನ್ ಮಾಡಿಯೇ ಕಣವ್ವ, ಈ ಮನೇಲಿ ಈಗ ಬೆಂಕಿ ಬೀರೂನೇ ದೊಡ್ಡ ಡಾಕ್ಟ್ರು." ಹಸು ಮೇಯುತ್ತಿತ್ತು. ನಾನು ಹಗ್ಗ ಎಳೆಯುತ್ತಿದ್ದೆ.

ಒಂದು ಬೆಳಿಗ್ಗೆ ಬಟ್ಟೆ ಒಣಗಿಸುವ ತಂತಿಗೆ ಬಲಗೈಯಿಂದಲೇ ಸೀರೆ ಎಸೆದಿದ್ದೆ. ಎಸೆದ ಮೇಲೆ ಗೊತ್ತಾಯಿತು. ಸೀರೆ ತೆಗೆದು ಮತ್ತೆ ಎಸೆದೆ, ಮತ್ತೆ ತೆಗೆದೆ. ಒದ್ದೆ ಸೀರೆಯ ಜೊತೆ ಹೀಗೆ ಕುಣಿಯುತ್ತಿದ್ದವಳನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಆ ದಿನ ತಲೆ ಬಾಚಲು ಅವರ ಹತ್ತಿರ ಹೋಗಲಿಲ್ಲ, ತುರುಬು ನಾನೇ ಕಟ್ಟಿದೆ. ಸೊಟ್ಟಗಿತ್ತು. ಅವರು ಬಂದು, ಬಿಚ್ಚಿ ಸರಿಯಾಗಿ ಕಟ್ಟಿ ಹೋದರು.

ಸಂಕ್ರಾಂತಿಯ ವಾರ ಮುಂದಿನ ಬೆಳೆಯ ಹುಳು ಕೊನೆಯ ಜ್ವರದಿಂದ ಎದ್ದು ಹೊಟ್ಟೆಬಾಕತನಕ್ಕೆ ಇಳಿದಿದ್ದವು. ಹಬ್ಬ ಕಳೆದ ಮಾರನೆಯ ದಿನ ಮೈದುನ ಬಂದ. ಒಬ್ಬನೇ ಅಲ್ಲ, ಟ್ರ್ಯಾಕ್ಟರಿನವನನ್ನೂ ಕರೆದುಕೊಂಡೇ ಬಂದಿದ್ದ. ಟ್ರ್ಯಾಕ್ಟರು ತೋಟದ ಬದುವಿನ ಮೇಲೆ ನಿಂತಿತು. ನಾನು ಸೋಲುತ್ತೇನೆ ಎಂದು ಅವನಿಗೆ ಅಷ್ಟು ಖಾತರಿ. ಅದನ್ನು ನೋಡಿ ಬಂದ ಸಿಟ್ಟಿಗೆ ನನ್ನ ಭಯ ಅರ್ಧ ಇಳಿದೇ ಹೋಯಿತು.

ಎಲ್ಲರೂ ಹುಳುವಿನ ಮನೆಗೆ ಬಂದರು. ಗಂಡ ಸ್ಟ್ಯಾಂಡಿನ ಪಕ್ಕ ನಿಂತರು, ನಾನು ಆಚೆ ಸರಿಯಿರಿ ಎಂದೆ. ಮೇಲಿನ ತಟ್ಟೆಗೆ ಎರಡು ಕೈ ಕೊಟ್ಟೆ. ಎಳೆದೆ. ಹುಳುವಿನ ಭಾರವೆಲ್ಲ ಒಮ್ಮೆಗೇ ಹೆಗಲಿನ ಮೇಲೆ ಕೂತಿತು, ಕೀಲು ಚುಳ್ ಎಂದಿತು. ಬಿಡಲಿಲ್ಲ. ಮೆಲ್ಲಗೆ ಇಳಿಸಿ ಸೊಪ್ಪು ಹಾಕುವ ಮಣೆಯ ಮೇಲೆ ಇಟ್ಟೆ. ಸೊಪ್ಪು ಹಾಸಿದೆ. ಅವು ತಕ್ಷಣ ಸರಸರ ಮೇಯತೊಡಗಿದವು. ಇಳಿಸುವುದು ದೊಡ್ಡದಲ್ಲ, ಎತ್ತುವುದು ದೊಡ್ಡದು. ಉಸಿರು ಹಿಡಿದು ಎತ್ತಿದೆ. ಎದೆಯ ಮಟ್ಟ, ಹೆಗಲಿನ ಮಟ್ಟ, ಕೈ ನಿಲ್ಲುತ್ತಿದ್ದ ಜಾಗ ಬಂತು. ಅದನ್ನು ದಾಟಿತು. ತಟ್ಟೆಯ ಅಂಚು ಬಿದಿರಿಗೆ ಸಿಕ್ಕಿಕೊಂಡು ಒಂದು ಗಳಿಗೆ ತಲೆಯ ಮೇಲೆ ಹಾಗೇ ನಿಂತೆ. ನನ್ನ ಗಂಡ ಮುಂದೆ ಬಂದರು. "ಬ್ಯಾಡಿ," ಎಂದೆ. ಬಲಗೈಯಿಂದಲೇ ತುಸು ಮೇಲೆತ್ತಿ ನೂಕಿದೆ. ತಟ್ಟೆ ಒಳಕ್ಕೆ ಹೋಗಿ ಕೂತಿತು. ಒಂದು ಹುಳುವೂ ಬೀಳಲಿಲ್ಲ.

ಗೆದ್ದೆ! ಆ ಸಂತೋಷವನ್ನು ಮುಚ್ಚಿಟ್ಟುಕೊಳ್ಳುವಷ್ಟು ದೊಡ್ಡತನ ನನಗಿರಲಿಲ್ಲ. ಪಕ್ಕದ ಸ್ಟ್ಯಾಂಡಿನ ಮೇಲಿನ ತಟ್ಟೆಯನ್ನೂ ಎಳೆದೆ.

"ಆಯ್ತಲ್ಲ ಅತ್ಗೆ, ನೋಡ್ದೆ," ಎಂದ ಮೈದುನ.

"ನೀನ್ ನೋಡಿದ್ಯಪ್ಪ, ಇವು ಉಣ್ಣದು ಬ್ಯಾಡ್ವಾ?" ಎಂದು ಅದನ್ನೂ ಇಳಿಸಿ, ಸೊಪ್ಪು ಹಾಕಿ, ಎತ್ತಿ ಸೇರಿಸಿದೆ.

ಅವನು ತಲೆ ಕೆರೆದುಕೊಂಡು ತನ್ನ ಅಣ್ಣನ ಕಡೆ ತಿರುಗಿದ. "ಅಂಗಾದ್ರೆ ತೋಟದ್ ವಿಚಾರ ಏನ್ಮಾಡಮ ಅಣ್ಣ?"

ನನ್ನ ಗಂಡ ಬಾಯಿ ತೆಗೆಯುವ ಮುಂಚೆ ಬಾಗಿಲಿನಿಂದ ಅತ್ತೆಯ ದನಿ ಬಂತು. "ಅವ್ನ ಯಾಕ್ಲಾ ಕೇಳೀಯೆ? ಕಡ್ಡಿ ನೆಟ್ಟೋಳು ಅವ್ಳು, ತಟ್ಟೆ ಎತ್ತೋಳು ಅವ್ಳು. ತೋಟ ಅವ್ಳದು. ಕೇಳದಾದ್ರೆ ಅವ್ಳ ಕೇಳು."

ಈ ಮನೆಗೆ ಬಂದು ಅಷ್ಟು ವರ್ಷವಾಗಿತ್ತು. ಆ ತೋಟವನ್ನು ಮಾವನ ತೋಟ ಎಂದಿದ್ದರು, ಅಣ್ಣ ತಮ್ಮಂದಿರ ತೋಟ ಎಂದಿದ್ದರು. ನನ್ನದು ಎಂದು ಯಾರೂ ಹೇಳಿರಲಿಲ್ಲ, ನಾನೂ ಹೇಳಿಕೊಂಡಿರಲಿಲ್ಲ. ಮೈದುನ ಅಮ್ಮನ ಮುಖ ನೋಡಿದ, ಅಣ್ಣನ ಮುಖ ನೋಡಿದ, ಆಮೇಲೆ ನನ್ನ ಕಡೆ ತಿರುಗಿ ಕೇಳಿದ.

"ಏನ್ಮಾಡಮ ಅತ್ಗೆ? ಟ್ರ್ಯಾಕ್ಟ್ರು ಬಂದ್ಬುಟ್ಟದೆ."

"ಬಂದಿದ್ದು ಒಳ್ಳೇದೇ ಆಯ್ತು," ಎಂದೆ. "ಬದುವಿನಾಚೆ ಖಾಲಿ ಬಿದ್ದದಲ್ಲ, ಆ ನೆಲ ಉಳುಮೆ ಮಾಡಿಸ್ಬುಡು. ಅಲ್ಲಿಗೂ ಕಡ್ಡಿ ನೆಡ್ತೀನಿ."